ರಷ್ಯಾದ ನಾಯಿ ವಾಪಸ್ ಬಂತು ಅಂದಿದ್ದು

ಎಂಬತ್ತರ ದಶಕದ ಶುರುವಿನಲ್ಲಿ ನಾನು ಹೊಸೂರಿನ ಹತ್ತಿರ ಅವಲಪಲ್ಲಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಕೆಲಸಕ್ಕೆ ಹೊಸಬಳು. ಮಕ್ಕಳು ಏನು ಕೇಳಿದರೂ ಅವರ ಮುಖ ಬಾಡದ ಹಾಗೆ ಉತ್ತರ ಕೊಡುವುದೇ ಒಳ್ಳೆಯ ಟೀಚರ್ ಲಕ್ಷಣ ಎಂದುಕೊಂಡಿದ್ದ ದಡ್ಡಿ.

ಐದನೇ ತರಗತಿಯ ಒಬ್ಬ ಹುಡುಗಿಯ ಹಿಂದೆ ದಿನವೂ ಒಂದು ಕಂದು ಹೆಣ್ಣುನಾಯಿ ಬರುತ್ತಿತ್ತು. ಸಂಜೆ ಗಂಟೆ ಹೊಡೆಯುವವರೆಗೂ ಹೊಸ್ತಿಲಾಚೆ ಮಲಗಿರುತ್ತಿತ್ತು. ಬೇಸಿಗೆ ರಜೆಗೆ ಮುಂಚೆ ನಾನು ಬಾಹ್ಯಾಕಾಶದ ಪಾಠ ಮಾಡಿದೆ. ರಷ್ಯಾದವರು ಒಂದು ನಾಯಿಯನ್ನು ಭೂಮಿಯ ಸುತ್ತ ಸುತ್ತಲು ಕಳಿಸಿದ್ದು, ಹಸಿವು ಚಳಿ ತಡೆಯುತ್ತದೆಂದು ಬೀದಿನಾಯಿಯನ್ನೇ ಆರಿಸಿದ್ದು, ಎಲ್ಲ ಹೇಳಿದೆ. ಆ ಹುಡುಗಿ ಎದ್ದು ನಿಂತು, ಅದು ವಾಪಸ್ ಬಂತಾ ಎಂದು ಕೇಳಿದಳು.

ಬರಲಿಲ್ಲ. ಇಳಿಸುವ ದಾರಿಯೇ ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಕಳಿಸಿದ್ದರು. ನಾನು ಹೊಸ್ತಿಲಾಚೆ ನೋಡಿದೆ. ಕಂದು ನಾಯಿ ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿತ್ತು. "ಬಂತಮ್ಮ," ಅಂದುಬಿಟ್ಟೆ.

ನಮ್ಮ ಕಡೆ ಮಾವಿನ ತೋಪು ಗುತ್ತಿಗೆ ಹಿಡಿದವರು ಕಾವಲಿಗೆ ನೆಂಟರ ಮನೆಯ ನಾಯಿಯನ್ನು ಕೇಳಿ ಒಯ್ಯುತ್ತಿದ್ದರು. ಕಾಯಿ ಮುಗಿದ ಮೇಲೆ ಕೊನೆಯ ಲಾರಿಯಲ್ಲಿ ನಾಯಿಯನ್ನೂ ಒಂದು ಬುಟ್ಟಿ ಹಣ್ಣನ್ನೂ ವಾಪಸ್ ಕಳಿಸುವುದು ರೂಢಿ. ಆ ವರ್ಷ ಹುಡುಗಿಯ ಸೋದರಮಾವ ಕೃಷ್ಣಗಿರಿ ಹತ್ತಿರದ ತೋಪಿಗೆ ಕಂದು ನಾಯಿಯನ್ನು ಕರೆದೊಯ್ದರು. ಶಾಲೆ ಶುರುವಾಗಿ ತಿಂಗಳಾದ ಮೇಲೆ ಬುಟ್ಟಿ ಬಂತು, ನಾಯಿ ಬರಲಿಲ್ಲ. ಹಗ್ಗ ಕಡಿದುಕೊಂಡು ಎಲ್ಲೋ ಹೋಯಿತು ಎಂದು ಹೇಳಿ ಕಳಿಸಿದ್ದರು.

ಹುಡುಗಿ ಅಳಲೇ ಇಲ್ಲ. ನನಗೇ ಧೈರ್ಯ ಹೇಳಿದಳು: "ಅಷ್ಟ್ ಮೇಲಿಂದ ಆ ನಾಯಿ ಬಂತಲ್ಲ ಟೀಚರ್. ನಮ್ದು ಕೃಷ್ಣಗಿರಿಯಿಂದ ಬರಾಕಿಲ್ವಾ?"

ಅವಳು ಹುಡುಕುವುದಕ್ಕೂ ಹೋಗದೆ ಕಾಯುತ್ತಿದ್ದುದು ನನ್ನ ಸುಳ್ಳನ್ನು ನಂಬಿ. ಒಂದು ವಾರ ನೋಡಿದೆ, ತಡೆಯಲಾಗಲಿಲ್ಲ. ಭಾನುವಾರ ಅವಳನ್ನೂ ಅವಳ ತಾಯಿಯನ್ನೂ ಹೊರಡಿಸಿಕೊಂಡು ಕೃಷ್ಣಗಿರಿ ಬಸ್ಸು ಹತ್ತಿದೆ.

ಮಾವನ ತೋಪು ಖಾಲಿ. ಬೇಲಿಗುಂಟ ಕೂಗುತ್ತಾ ಹೋದೆವು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಪಕ್ಕದ ತೋಪಿನ ಕಾವಲಿನ ಅಜ್ಜಿ ತಮಿಳಿನಲ್ಲಿ ಗದರಿಸಿ, ಬಾಣಂತಿಯನ್ನು ಹೆದರಿಸಬೇಡಿ ಎಂದು ತನ್ನ ಗುಡಿಸಲು ತೋರಿಸಿದಳು. ಹಣ್ಣು ತುಂಬಲು ತಂದ ಹುಲ್ಲಿನ ಮೇಲೆ ಕಂದು ನಾಯಿ ಬಾಲ ಬಡಿಯುತ್ತಾ ಮಲಗಿತ್ತು. ಹೊಟ್ಟೆಗೆ ಅಂಟಿಕೊಂಡು ನಾಲ್ಕು ಮರಿ, ಆಗತಾನೆ ಕಣ್ಣು ಬಿಟ್ಟಿದ್ದವು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತಿದ್ದು ಹುಡುಗಿಯಲ್ಲ, ನಾನು. ಅಜ್ಜಿ ನನಗೆ ನೀರು ಕೊಟ್ಟಳು.

ನಾಯಿ ಸಂಸಾರವನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರ್ ಒಪ್ಪಲಿಲ್ಲ. ಹೊಸೂರಿಗೆ ಹೊರಟಿದ್ದ ಖಾಲಿ ಲಾರಿಯೊಂದರ ಹಿಂದೆ ಕೂತೆವು, ಮರಿಗಳು ಮಾವಿನ ಬುಟ್ಟಿಯಲ್ಲಿ. ಮನಸ್ಸು ಹಗುರಾಗಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿ, ರಷ್ಯಾದ ಆ ನಾಯಿ ಬರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ.

ಅವಳು ನಾಯಿಯ ಕಿವಿ ಸವರಿದಳು. "ಅದನ್ನ ಕರ್ಕಂಬರಾಕೆ ಯಾರೂ ಹೋಗ್ನಿಲ್ವಾ?"

ಹೋಗಲು ಯಾರಿಂದಲೂ ಆಗುತ್ತಿರಲಿಲ್ಲ ಎಂದೆ. ಆಮೇಲೆ ಉಳಿದಿದ್ದನ್ನೂ ಹೇಳಿದೆ. ಕೆಲವು ವರ್ಷದ ನಂತರ ಅವರೇ ಇನ್ನೆರಡು ಹೆಣ್ಣುನಾಯಿಗಳನ್ನು ಕಳಿಸಿದರು, ಇಳಿಸುವುದನ್ನು ಕಲಿತು ಕಳಿಸಿದರು. ಎರಡೂ ಜೀವಂತ ಬಂದವು, ಒಂದು ಮರಿಗಳನ್ನೂ ಹಾಕಿತು.

ಹುಡುಗಿ ಬುಟ್ಟಿಯಿಂದ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು.

"ಈ ಸಲ ನಿಜನಾ ಟೀಚರ್?"

"ನಿಜ ಕಣಮ್ಮ," ಅಂದೆ. ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿ, ಒಂದು ಮರಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.