ಅತ್ತೆ ಮೂಸಿದ ಕಾಡುಮಲ್ಲಿಗೆ

ಐವತ್ತರ ದಶಕದಲ್ಲಿ ನಾನು ತುಮಕೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಸಸ್ಯಶಾಸ್ತ್ರದ ಮೇಷ್ಟ್ರು ಗಡುವು ಹಾಕಿದರು. ಇಪ್ಪತ್ತು ಕಾಡುಗಿಡಗಳನ್ನು ಎಲೆ, ಹೂವು ಇಲ್ಲವೇ ಮೊಗ್ಗಿನ ಸಮೇತ ಒಣಗಿಸಿ ಹಾಳೆಗೆ ಅಂಟಿಸಿ ತರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನಾನೋ ಶುದ್ಧ ಸೋಮಾರಿ. ಎಂಟೇ ದಿನ ಉಳಿದಾಗ ಎಚ್ಚೆತ್ತು, ಸೋದರತ್ತೆಯನ್ನು ಹೊರಡಿಸಿಕೊಂಡು ದೇವರಾಯನದುರ್ಗದ ಕಾಡಿಗೆ ಹೋದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದ್ದ ಅತ್ತೆ ದಿನಾ ಪೂಜೆಗೆ ಹೂ ಬಿಡಿಸುತ್ತಿದ್ದರು.

"ಹೂ ಬಿಡ್ಸೋದ್ ತಾನೆ, ನಂಗೆ ಬುಡು" ಎಂದರು.

ಬೇಸಿಗೆಯಲ್ಲಿ ನಾನು ಕಂಡಿದ್ದು ಬೋಳು ಬಂಡೆ, ಮುಳ್ಳಿನ ಕುರುಚಲು. ಎರಡು ಮಳೆ ಬಿದ್ದದ್ದೇ ತಡ, ಅದೇ ಕಾಡನ್ನು ನೋಡಿ ದಂಗಾದೆ. ಬಂಡೆಯ ಬಿರುಕಿನಲ್ಲೆಲ್ಲ ಸಾಸಿವೆಯಷ್ಟು ನೀಲಿ ಹೂ, ಕಾಲುದಾರಿಯುದ್ದಕ್ಕೂ ತಂಗಡಿಯ ಹಳದಿ, ಪೊದೆಗಳ ಮೇಲೆ ಗೌರಿಹೂವಿನ ಕೆಂಪು. ನವಿಲೊಂದು ದಾರಿಗೆ ಅಡ್ಡ ನಿಂತು ಗರಿ ಬಿಚ್ಚಿತು. ಅತ್ತೆ ಕೈಮುಗಿದರು. ನನಗೂ ಮುಗಿಯಬೇಕೆನಿಸಿತು, ಕಾಲೇಜು ಹುಡುಗನೆಂಬ ಜಂಬ ಬಿಡಲಿಲ್ಲ.

ಬುತ್ತಿ ತಿಂದು ನಾನು ಒಂದು ಕಡೆ, ಅವರು ಒಂದು ಕಡೆ ಹೊರಟೆವು. ತಾಸು ಬಿಟ್ಟು ಬಂದವರ ಮಡಿಲು ತುಂಬಿತ್ತು. ಬರೀ ಹೂ. ಒಂದು ಎಲೆಯಿಲ್ಲ, ಕಡ್ಡಿಯಿಲ್ಲ. ಪೂಜೆಗೆ ಬಿಡಿಸಿದ ಹಾಗೆ ತೊಟ್ಟು ಚಿವುಟಿ ತಂದಿದ್ದರು.

ನನಗೆ ರೇಗಿತು. "ಇದ್ಯಾವ್ದೂ ಕೆಲ್ಸಕ್ ಬರಲ್ಲ ಅತ್ತೆ. ಮನೆಗೆ ತಗೊಂಡೋಗಿ ದೇವ್ರಿಗ್ ಇಡು."

"ಊಟ ಮಾಡಿ ಕಿತ್ತಿದ್ದು. ದೇವ್ರಿಗೂ ಬರಾಕಿಲ್ಲ" ಎಂದು ಮಡಿಲು ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಅಂಗಾದ್ರೆ ನಾನು ಮೂಸಬೋದೇನ್ಲಾ?"

ಮೂಸಿದ ಹೂ ಪೂಜೆಗಾಗದು. ಮುಡಿಯುವ ಭಾಗ್ಯ ಅವರಿಗೆ ಎಂದೋ ತಪ್ಪಿತ್ತು. ಇಷ್ಟು ವರ್ಷ ದಿನಾ ಬುಟ್ಟಿ ತುಂಬಾ ಹೂ ಬಿಡಿಸಿದವರು ಒಂದನ್ನೂ ಮೂಗಿನ ಹತ್ತಿರ ತಂದಿರಲಿಲ್ಲ. ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಯಿತು.

ಅತ್ತೆ ಬಂಡೆಯ ಮೇಲೆ ಕೂತು ಒಂದೊಂದನ್ನೇ ಮೂಸಿದರು. "ಇದ್ಕೆ ಏನೂ ಇಲ್ಲ. ಇದು ಹಸೀ ಕಡ್ಲೆಕಾಯಿ. ಇದು ಮಜ್ಗೆ." ನನ್ನ ಹಾಳೆಗಳಲ್ಲಿ ವಾಸನೆಗೆಂದು ಒಂದು ಕಾಲಂ ಇತ್ತು, ಅವರು ಹೇಳಿದಂತೆ ಬರೆದುಕೊಂಡೆ. ಕೊನೆಗೆ ಉಳಿದದ್ದು ಕಾಡುಮಲ್ಲಿಗೆ. ಬೊಗಸೆಯಲ್ಲಿ ಹಿಡಿದು ಮುಖವನ್ನೇ ಅದ್ದಿದರು, ಬಹಳ ಹೊತ್ತು ಎತ್ತಲಿಲ್ಲ.

"ಇದ್ಕೆ ಏನಂತ ಬರೀಲಿ?" ಎಂದೆ.

"ಬರೀಬ್ಯಾಡ ಕಣೋ. ಇದೊಂದು ನಂಗಿರ್ಲಿ."

ಪೂಜೆಗೆ ಮೊಗ್ಗು ಕೀಳಬಾರದೆಂದು ಅತ್ತೆ ಅವನ್ನು ಗಿಡದಲ್ಲೇ ಬಿಟ್ಟಿದ್ದರು. ಯಾವ ಗಿಡ ಎಲ್ಲಿತ್ತೆಂಬುದೂ ನೆನಪಿತ್ತು. ಸಂಜೆಯೊಳಗೆ ಎಲೆ, ಮೊಗ್ಗಿನ ಸಮೇತ ಇಪ್ಪತ್ತೂ ಸಿಕ್ಕವು, ಪರೀಕ್ಷೆಗೂ ಕೂತೆ. ಕಾಡುಮಲ್ಲಿಗೆಯ ಹಾಳೆಯಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಮೇಷ್ಟ್ರು ಕೆಂಪು ಗೀಟು ಎಳೆದು, ತುಂಬಿ ತಾ ಎಂದರು. ನಾನು ತುಂಬಲಿಲ್ಲ.