ಹುಳು ಒಪ್ಪುವ ಜೆಟ್

ಕೆರೆ ಏರಿಯ ಆಚೆಯಿಂದ ಮೊದಲು ಸದ್ದು ಬರುತ್ತದೆ. ಡುಗುಡುಗು ಎಂದು ಸಮವಾಗಿ ಬಂದು, ಏರು ಶುರುವಾಗುವ ಕಡೆ ದಪ್ಪವಾಗಿ, ಮೇಲೆ ಹತ್ತಿದ ಮೇಲೆ ಮತ್ತೆ ಹಗುರವಾಗುತ್ತದೆ. ಅದು ಕೇಳಿಸಿದರೆ ನಮ್ಮ ಬೀದಿಯಲ್ಲಿ ಬೆಳಗಿನ ಆರೂವರೆ. ಡೇರಿಗೆ ಹಾಲು ಹಾಕಲು ಹೊರಟವರು ಗೋಡೆಯ ಬದಿಗೆ ಸರಿದು ನಿಲ್ಲುತ್ತಾರೆ. ಬರುವುದು ಮೋಟರ್‌ಸೈಕಲ್ ಎಂದು ದೂರಕ್ಕೆ ಗೊತ್ತಾಗುವುದಿಲ್ಲ. ಎರಡು ಹಸಿರು ಹೊರೆಗಳು ತಾವಾಗಿಯೇ ಉರುಳಿ ಬಂದಂತೆ ಕಾಣುತ್ತವೆ. ಹತ್ತಿರ ಬಂದಮೇಲೆ ಹೊರೆಗಳ ಮುಂದೆ ಸುನಂದ ಕಾಣುತ್ತಾಳೆ. ಚೂಡಿದಾರದ ಮೇಲೆ ಗಂಡನ ಹಳೆಯ ಷರ್ಟು, ತಲೆಗೆ ಟವೆಲ್ಲು.

ಹುತ್ತೂರು ಹೋಬಳಿಯಲ್ಲಿ ರೇಷ್ಮೆ ಹುಳು ಸಾಕುವ ಹೆಂಗಸರು ಮನೆಗೊಬ್ಬರು ಸಿಗುತ್ತಾರೆ. ಆದರೆ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಗಂಡಸರ ಗಾಡಿಯ ಮೇಲೆ ತಾನೇ ಹೊತ್ತು ತರುವವಳು ಇವಳೊಬ್ಬಳು. ಗಂಡ ಮುರಳಿಮೋಹನನಿಗೆ ನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ಕಂಪನಿಯ ಬಸ್ಸು ಊರ ಮುಂದಕ್ಕೇ ಬರತೊಡಗಿದ ಮೇಲೆ ಗಾಡಿ ಹಿತ್ತಲಲ್ಲಿ ಕೋಳಿ ಕೂರುವ ಜಾಗವಾಗಿತ್ತು. ತೋಟ ಕೆರೆಯ ಆಚೆ, ಒಂದೂವರೆ ಮೈಲಿ. ಒಂದು ದಿನ ಸುನಂದ ಕೋಳಿಗಳನ್ನು ಎಬ್ಬಿಸಿ ಗಾಡಿ ಒರೆಸಿದಳು. ಕಲಿಯುವಾಗ ಎರಡು ಸಲ ಬದುವಿಗೆ ಬಿದ್ದಳು. ಮೂರನೆಯ ಸಲ ಬೀಳಲಿಲ್ಲ.

ಹುಳುಮನೆಯ ಬಾಗಿಲಲ್ಲಿ ಅವಳದೊಂದು ಕಟ್ಟಳೆಯಿದೆ. ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಬೀಡಿ, ನಶ್ಯ, ಮುಖಕ್ಕೆ ಹಚ್ಚುವ ಪೌಡರು, ಮುಡಿದ ಮಲ್ಲಿಗೆ, ಯಾವ ವಾಸನೆಯೂ ಹೊಸ್ತಿಲು ದಾಟಬಾರದು. ಹುಳುವಿಗೆ ಕಣ್ಣು ಅಷ್ಟಾಗಿ ಕಾಣದಿದ್ದರೂ ವಾಸನೆ ಮನುಷ್ಯರಿಗಿಂತ ಮೊದಲು ತಿಳಿಯುತ್ತದೆ ಎಂಬುದು ಅವಳ ನಂಬಿಕೆ. ಮದುವೆ ಮನೆಯಿಂದ ನೇರ ಬಂದ ನಾದಿನಿಯನ್ನು ಸೆಂಟಿನ ಘಮಕ್ಕಾಗಿ ಅಂಗಳದಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಿದವಳು ಅವಳು.

ದಸರೆಯ ಹೊತ್ತಿಗೆ ಒಮ್ಮೆ ಗಾಡಿ ಏರಿಯ ಮೇಲೆ ನಿಂತುಬಿಟ್ಟಿತ್ತು. ಪೆಟ್ರೋಲಿನಲ್ಲಿ ಕಸ. ಹುತ್ತೂರಿನ ಮೆಕ್ಯಾನಿಕ್ ಕದಿರೇಶ್ ಕಾರ್ಬುರೇಟರ್ ಬಿಚ್ಚುವುದನ್ನು ಅವಳು ಹಲವು ಸಲ ನೋಡಿದ್ದಳು. ಅದರೊಳಗೆ ಮೆಣಸಿನಕಾಳಿನಷ್ಟು ದಪ್ಪದ ಹಿತ್ತಾಳೆಯ ಚೂರೊಂದಿರುತ್ತದೆ, ಜೆಟ್ ಎನ್ನುತ್ತಾರೆ. ಅದರ ನಡುವಿನ ಸೂಜಿಮೊನೆಯಂಥ ತೂತಿನಿಂದಲೇ ಇಂಜಿನ್ನಿಗೆ ಪೆಟ್ರೋಲ್ ಹೋಗಬೇಕು. ಸುನಂದ ಅದನ್ನು ಬಿಚ್ಚಿದಳು. ಊದಿದರೂ ಕಸ ಹೋಗಲಿಲ್ಲ. ಹೊರೆ ಕಟ್ಟುವ ಕಂಬಿಯ ತುದಿಯನ್ನು ಕಲ್ಲಿಗೆ ಉಜ್ಜಿ ಸಣ್ಣ ಮಾಡಿ, ತೂತಿಗೆ ತೂರಿಸಿ ನಾಲ್ಕು ಸಲ ತಿರುವಿದಳು. ಗಾಡಿ ಶುರುವಾಯಿತು. ಶುರುವಾದದ್ದಷ್ಟೇ ಅಲ್ಲ, ಹಿಂದೆಂದೂ ಇಲ್ಲದ ಜೋರಿನಲ್ಲಿ ಏರಿ ಹತ್ತಿತು.

"ಕದಿರೇಶನಿಗೆ ಇನ್ಮೇಲೆ ನಾನೇ ಪಾಠ ಹೇಳ್ಕೊಡ್ತೀನಿ," ಎಂದು ಆ ವಾರವಿಡೀ ಬೀದಿಯಲ್ಲಿ ಹೇಳಿಕೊಂಡಳು.

ಅದಾದ ಮೇಲಿನ ಬೆಳೆಯಲ್ಲಿ ಹುಳುಗಳು ಸೊಪ್ಪಿನ ಅಂಚು ಕಚ್ಚಿ, ತಲೆ ಎತ್ತಿ ಸುಮ್ಮನೆ ಕೂತವು. ತಟ್ಟೆಯ ತುಂಬ ಸೊಪ್ಪು ಒಣಗಿತು. ಗೂಡು ಕಟ್ಟಿದವು ಅರ್ಧಕ್ಕಿಂತ ಕಡಿಮೆ, ಅವೂ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ತೆಳು. ಸುನಂದ ಮನೆ ತೊಳೆದಳು, ಬ್ಲೀಚಿಂಗ್ ಪುಡಿ ಚೆಲ್ಲಿದಳು, ಮೊಟ್ಟೆ ತಂದ ಕಡೆ ವಿಚಾರಿಸಿದಳು. ಕೊನೆಗೆ ಅವಳ ಕಣ್ಣು ಪಕ್ಕದ ಹೊಲದ ಮೇಲೆ ಬಿತ್ತು. ಅದು ಬಚ್ಚಮ್ಮನದು. ಅರವತ್ತು ದಾಟಿದ ಹೆಂಗಸು, ಟೊಮೆಟೊ ಇಟ್ಟಿದ್ದಳು, ಔಷಧಿ ಹೊಡೆಸುತ್ತಿದ್ದಳು.

"ಗಾಳಿ ನೋಡ್ಕೊಂಡು ಹೊಡೆಸ್ಬಾರ್ದಾ? ನನ್ನ ಹುಳಾನೆಲ್ಲ ಕೊಂದೆಯಲ್ಲೇ!" ಎಂದು ಸುನಂದ ನಡುಬೀದಿಯಲ್ಲಿ ಕೂಗಿದಳು.

"ದೇವುಡಾ! ನಾನು ಗಾಳಿ ಆ ಕಡೆ ಇದ್ದಾಗ್ಲೇ ಹೊಡೆಸಿದ್ದು ಕಣೇ," ಎಂದಳು ಬಚ್ಚಮ್ಮ. ಸುನಂದ ಕೇಳಿಸಿಕೊಳ್ಳಲಿಲ್ಲ. ಅಲ್ಲಿಂದ ಎರಡು ತಿಂಗಳು ಇಬ್ಬರ ನಡುವೆ ಮಾತಿಲ್ಲ.

ಈಗಿನದು ಅದರ ನಂತರದ ಬೆಳೆ. ಇದೂ ಹೋದರೆ ಹುಳುಮನೆಗೆ ಬೀಗ ಹಾಕಿ ತಾನೂ ಕಾರ್ಖಾನೆಯ ಬಸ್ಸು ಹತ್ತುವುದೆಂದು ಸುನಂದ ಗಂಡನಿಗೆ ಹೇಳಿಬಿಟ್ಟಿದ್ದಳು. ಚರ್ಮ ಕಳಚುವ ಮೂರನೇ ಜ್ವರದಿಂದ ಎದ್ದ ಹುಳುಗಳು ಮತ್ತೆ ಸೊಪ್ಪಿಗೆ ಮುಖ ತಿರುಗಿಸಿದವು. ಬಚ್ಚಮ್ಮನ ಟೊಮೆಟೊ ಕಿತ್ತು ಹೊಲ ಖಾಲಿಯಾಗಿ ಹದಿನೈದು ದಿನವಾಗಿತ್ತು. ಯಾರನ್ನು ಬೈಯುವುದು?

ಮಾರನೆಯ ದಿನ ತೋಟದಲ್ಲಿ ಗಾಡಿ ಪಂಕ್ಚರ್ ಆಯಿತು. ಒಂದು ಹೊರೆಯನ್ನು ತಲೆಯ ಮೇಲೆ ಹೊತ್ತು ನಡೆದು ಬಂದಳು. ಆ ಸೊಪ್ಪನ್ನು ಹುಳುಗಳು ದಂಟು ಕಾಣುವವರೆಗೆ ತಿಂದವು. ಸಂಜೆ ಪಂಕ್ಚರ್ ಹಾಕಿಸಿ ಗಾಡಿಯಲ್ಲಿ ತಂದದ್ದನ್ನು ಬಿಟ್ಟವು.

ಸುನಂದ ಒಂದೊಂದೇ ತಟ್ಟೆ ಎಳೆದು ನೋಡಿದಳು. ಆಮೇಲೆ ಬಿಟ್ಟ ಸೊಪ್ಪನ್ನು ಎತ್ತಿ ಮೂಗಿಗೆ ಹಿಡಿದಳು. ಹೊರೆಯ ಕೆಳಗಿನ ಭಾಗ, ಸೈಲೆನ್ಸರಿನ ಹತ್ತಿರ ಬರುವ ಭಾಗ, ಪೆಟ್ರೋಲ್ ಹೊಗೆ ನಾರುತ್ತಿತ್ತು. ಬಾಗಿಲಲ್ಲಿ ಎಲ್ಲರ ವಾಸನೆ ತಡೆದವಳು ಅದನ್ನು ತಾನೇ ಹೊರೆ ಕಟ್ಟಿ ಒಳಗೆ ತಂದಿದ್ದಳು. ಮುಂದಿನ ಜ್ವರದವರೆಗೆ ಸೊಪ್ಪನ್ನು ತಲೆಯ ಮೇಲೆಯೇ ಹೊತ್ತು ತಂದಳು.

ಹುಳು ಜ್ವರಕ್ಕೆ ಕೂತ ದಿನ ಏನನ್ನೂ ತಿನ್ನುವುದಿಲ್ಲ. ತಲೆ ಎತ್ತಿ, ಹಳೆಯ ಚರ್ಮ ಬಿಡುವವರೆಗೆ ಅಲುಗದೆ ಇರುತ್ತದೆ. ಸಾಕುವವರಿಗೆ ಅದೊಂದೇ ಬಿಡುವಿನ ದಿನ. ನಾಲ್ಕನೇ ಜ್ವರಕ್ಕೆ ಹುಳು ಕೂತ ಬೆಳಿಗ್ಗೆ ಸುನಂದ ಗಾಡಿಯನ್ನು ಕದಿರೇಶನ ಮುಂದೆ ನಿಲ್ಲಿಸಿದಳು. ಎದ್ದ ಮೇಲೆ ಏಳು ದಿನ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೇಕು, ತಿಂದಷ್ಟೇ ಗೂಡು. ಆ ಏಳು ದಿನಕ್ಕೆ ಮೊದಲು ಗಾಡಿ ಸರಿಯಾಗಬೇಕು.

ಕದಿರೇಶ್ ಪ್ಲಗ್ ಬಿಚ್ಚಿ ಅವಳ ಕೈಗೆ ಕೊಟ್ಟ. ಅದರ ತುದಿ ಒಲೆಯ ಮಸಿಯಂತಿತ್ತು.

"ಪೆಟ್ರೋಲ್ ಜಾಸ್ತಿ ಕುಡೀತಾ ಐತೆ ಅಕ್ಕ. ಜೆಟ್ ಹೋಗೈತೆ. ಕೋಲಾರಕ್ಕೆ ಹೋಗಿ ಜೆಟ್ಟು, ರಿಂಗು ಇರೋ ಕಿಟ್ ತಗೊಂಡ್ಬಾ, ಮಧ್ಯಾಹ್ನ ಹಾಕ್ಕೊಡ್ತೀನಿ."

"ಯಾವ ಕಿಟ್ಟು?"

"ಹಳೇದನ್ನ ತೋರಿಸು, ಅವ್ರೇ ಕೊಡ್ತಾರೆ. ಲೋಡ್ ಹೊರೋ ಗಾಡಿ ಅಂತ ಹೇಳು, ದೊಡ್ಡ ನಂಬರೇ ಕೊಡ್ತಾರೆ."

ಹಳೆಯ ಜೆಟ್ಟನ್ನು ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡು ಸುನಂದ ಬಸ್ಸು ಹತ್ತಿದಳು. ಕೋಲಾರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ವೆಂಕಟರಾಯಪ್ಪನವರ ಬಿಡಿಭಾಗದ ಅಂಗಡಿ. ಟಯರು, ಚೈನುಗಳ ನಡುವೆ ಅವರು ಕನ್ನಡಕ ಏರಿಸಿ ಜೆಟ್ಟನ್ನು ಟ್ಯೂಬ್‌ಲೈಟಿಗೆ ಹಿಡಿದರು. ಆಮೇಲೆ ಹೊಸದೊಂದನ್ನು ಪಕ್ಕಕ್ಕೆ ಹಿಡಿದು, "ನೀನೇ ನೋಡಮ್ಮ," ಎಂದರು.

ಹೊಸದರಲ್ಲಿ ಬೆಳಕು ದುಂಡಗೆ, ಚುಕ್ಕಿಯಂತೆ ಬಂತು. ಹಳೆಯದರಲ್ಲಿ ಅಕ್ಕಿಕಾಳಿನಂತೆ ಉದ್ದಕ್ಕೆ ಬಂತು.

"ಯಾವ ಪುಣ್ಯಾತ್ಮ ಇದಕ್ಕೆ ಕಂಬಿ ಹಾಕಿ ತಿರುವಿದ್ದು?"

ಸುನಂದ ಚೈನುಗಳ ಕಡೆ ನೋಡಿದಳು. "ನಮ್ಮನೆಯವ್ರು."

"ಅವ್ರಿಗೆ ಹೇಳಮ್ಮ, ಇದು ಕಿವಿ ಅಲ್ಲ ಕಡ್ಡಿ ಹಾಕಕ್ಕೆ. ಕೂದಲಷ್ಟು ದೊಡ್ಡದಾದ್ರೂ ಲೆಕ್ಕ ತಪ್ಪೋಗುತ್ತೆ. ಗಾಡಿಗೇನು ಕೆಲಸ?"

"ಸೊಪ್ಪು ಹೊರೋದು."

"ಹಂಗಾದ್ರೆ ಎಂಬತ್ತೆರಡು ತಗೋ." ಅವರು ಎರಡು ಪೊಟ್ಟಣ ಮೇಜಿನ ಮೇಲಿಟ್ಟರು. "ಇದು ಕಂಪನಿ ನಂಬರು, ಎಪ್ಪತ್ತೆಂಟು. ಇದು ಎಂಬತ್ತೆರಡು, ತೂತು ದೊಡ್ಡದು. ಟೊಮೆಟೊ ಬಾಕ್ಸ್ ಹೊರೋರೆಲ್ಲ ಇದನ್ನೇ ಕೇಳೋದು. ಪುಲ್ಲಿಂಗ್ ಚೆನ್ನಾಗಿರುತ್ತೆ."

"ವಾಸನೆ?"

"ಎಂಥ ವಾಸನೆ?"

"ಹೊಗೆ ವಾಸನೆ, ಪೆಟ್ರೋಲ್ ವಾಸನೆ."

ವೆಂಕಟರಾಯಪ್ಪ ನಕ್ಕರು. "ಪೆಟ್ರೋಲ್ ಗಾಡೀಲಿ ಮತ್ತೇನು ಮಲ್ಲಿಗೆ ವಾಸನೆ ಬರುತ್ತಾ?"

"ನನ್ನ ಹುಳ ಮಲ್ಲಿಗೇನೂ ಒಪ್ಪಲ್ಲ ಸಾರ್."

ಅವರು ನಗು ನಿಲ್ಲಿಸಿ ಅವಳನ್ನು ನೋಡಿದರು. ಅವರ ತಾಯಿಯೂ ಹುಳು ಸಾಕಿದ್ದವರಂತೆ, ಶ್ರೀನಿವಾಸಪುರದ ಕಡೆ. "ದೊಡ್ಡದು ಹಾಕಿದ್ರೆ ಹೊಗೆ ಇದ್ದೇ ಇರುತ್ತೆ," ಎಂದರು ಈಗ ಮೆಲ್ಲಗೆ. "ಚಿಕ್ಕದು ಹಾಕಿದ್ರೆ ಹೊಗೆ ಇರಲ್ಲ, ಆದ್ರೆ ನೀನು ಈಗ ಹೊರೋ ಅಷ್ಟು ಹೊರಕ್ಕಾಗಲ್ಲ. ಏರು ಇದ್ಯಾ ದಾರೀಲಿ?"

"ಕೆರೆ ಏರಿ ಇದೆ."

"ಯೋಚನೆ ಮಾಡು."

ಸುನಂದ ಎರಡೂ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ನಿಂತಳು. ತೂಕದಲ್ಲಿ ವ್ಯತ್ಯಾಸವೇ ಇರಲಿಲ್ಲ. ಆ ಜೋರು ಅವಳಿಗೆ ಇಷ್ಟವಾಗಿತ್ತು. ಏರಿಯ ಮೇಲೆ ಗಾಡಿ ಎಗರಿ ಹತ್ತುವಾಗ ಬೀದಿಯ ಗಂಡಸರು ತಿರುಗಿ ನೋಡುತ್ತಿದ್ದರು. ಆ ಜೋರನ್ನು ಬಿಟ್ಟುಕೊಟ್ಟರೆ ದಿನಕ್ಕೆ ಮೂರು ಸಲದ ಓಡಾಟ ಆರು ಸಲವಾಗುತ್ತದೆ. ಎಂಬತ್ತೆರಡನ್ನು ಮೇಜಿನ ಮೇಲೆ ಮೆಲ್ಲಗೆ ವಾಪಸು ಇಟ್ಟಳು.

ಮಧ್ಯಾಹ್ನ ಕದಿರೇಶ್ ಜೆಟ್ ಕೂರಿಸಿ, ರಿಂಗುಗಳನ್ನು ಬದಲಿಸಿ, ಹೊಸ ಪ್ಲಗ್ ಹಾಕಿ ಗಾಡಿ ಶುರು ಮಾಡಿದ. ಸುನಂದ ಜೊತೆಗೆ ತಂದಿದ್ದ ಸೊಪ್ಪಿನ ಟೊಂಗೆಯನ್ನು ಸೈಲೆನ್ಸರಿನ ಹಿಂದೆ ಹಿಡಿದು ಕೂತಳು.

"ಏನಕ್ಕ, ಗಾಡಿಗೂ ಸೊಪ್ಪು ತಿನ್ನಿಸ್ತೀಯಾ?"

"ಸುಮ್ನಿರೋ." ಟೊಂಗೆ ಮೂಸಿದಳು. ಎಳೆ ಎಲೆಯ ವಾಸನೆಯ ಹಿಂದೆ ಬಿಸಿ ಗಾಳಿ ಮಾತ್ರ ಇತ್ತು. ಅವಳಿಗೆ ಸಾಲಲಿಲ್ಲ. ಕೆರೆಯವರೆಗೆ ಎರಡು ಸಲ ಹೋಗಿ ಬಂದಳು. ಕದಿರೇಶ್ ಪ್ಲಗ್ ಬಿಚ್ಚಿ ತೋರಿಸಿದ. ತುದಿ ಹುರಿದ ರಾಗಿಯ ಬಣ್ಣಕ್ಕೆ ತಿರುಗಿತ್ತು.

"ಹಿಂಗೇ ಇರ್ಬೇಕು," ಎಂದ ಅವನು. "ಹಳೇದು ಹಂಗ್ಯಾಕಾಗಿತ್ತೋ ಗೊತ್ತಾಗ್ಲಿಲ್ಲ."

"ನಾನೇ ಕಂಬಿ ಹಾಕಿದ್ದೆ," ಎಂದಳು ಸುನಂದ.

"ಓಹೋ! ನಂಗೆ ಪಾಠ ಹೇಳ್ಕೊಡ್ತೀನಿ ಅಂದಿದ್ದು ಇದೇನಾ?"

ಮರುದಿನ ಬೆಳಿಗ್ಗೆ ಹುಳು ಎದ್ದಿತ್ತು. ಸುನಂದ ಹೊರೆ ಸಣ್ಣದು ಮಾಡಿಕೊಂಡೇ ಬಂದಳು. ಆದರೂ ಏರಿಯ ಅರ್ಧಕ್ಕೆ ಗಾಡಿ ಏದುಸಿರು ಬಿಟ್ಟಿತು. ಇಳಿದು, ಇಂಜಿನ್ ಆರಿಸದೆ ಪಕ್ಕದಲ್ಲಿ ನಡೆಯುತ್ತ ತಳ್ಳತೊಡಗಿದಳು. ಏರಿಯ ಮೇಲೆ ಬಚ್ಚಮ್ಮ ಹಸು ಹಿಡಿದು ನಿಂತಿದ್ದಳು.

"ಬೀದಿನೇ ಎಬ್ಬಿಸ್ತಿದ್ದ ಗಾಡಿ, ಇವತ್ತೇನು ತುಂಬು ಬಸುರಿ ನಡೆದಂಗೆ ನಡೀತೈತೆ?" ಎಂದಳು ಹಸುವಿಗೆ ಹೇಳುವಂತೆ.

"ಚಿಕ್ಕ ಜೆಟ್ ಹಾಕಿಸಿದೀನಿ ಬಚ್ಚಕ್ಕ."

"ಎರಡು ತಿಂಗಳಿಂದ ಇಲ್ದಿರೋ ಅಕ್ಕ ಇವತ್ತು ಬಂದ್ಳು. ಹೊರೆ ತಳ್ಳಕ್ಕಾ?"

ಸುನಂದ ಗಾಡಿಯನ್ನು ಹಿಡಿದುಕೊಂಡೇ ನಿಂತಳು. "ಆವತ್ತು ನಿನ್ನ ಔಷಧಿಯಿಂದ ಆಗಿದ್ದಲ್ಲ ಅದು. ಜೆಟ್ಟಿಗೆ ನಾನು ಕಂಬಿ ಹಾಕಿದ್ದೆ. ಅದರ ಹೊಗೆ ಸೊಪ್ಪಿಗೆ ಹತ್ಕೊಂಡಿತ್ತು."

"ನಿನ್ನ ಜೆಟ್ಟು ಗಿಟ್ಟು ನಂಗೊತ್ತಾಗಲ್ಲಮ್ಮ. ತಪ್ಪು ಯಾರ್ದು?"

"ನಂದೇ."

"ಜೋರಾಗಿ ಹೇಳು. ಬೈದಿದ್ದು ಬೀದಿಗೆಲ್ಲ ಕೇಳಿಸಿತ್ತು."

"ನಂದೇ ತಪ್ಪು ಬಚ್ಚಕ್ಕಾ!" ಕೆರೆಯ ಮೇಲಿನ ಬಕಗಳೆರಡು ಎದ್ದು ಹಾರಿದವು. ಬಚ್ಚಮ್ಮ ಹಸುವನ್ನು ಕಲ್ಲಿಗೆ ಕಟ್ಟಿ, ಸೆರಗು ಸಿಕ್ಕಿಸಿಕೊಂಡು, ಹೊರೆಗೆ ಹಿಂದಿನಿಂದ ಕೈ ಕೊಟ್ಟಳು.

ಮನೆಯ ಮುಂದೆ ಸುನಂದ ಕೈಕಾಲು ತೊಳೆದು ಸೊಪ್ಪು ಒಳಗೆ ಹೊತ್ತಳು. ಬಚ್ಚಮ್ಮನೂ ಹಿಂದೆಯೇ ಬಂದಾಗ ಹೊಸ್ತಿಲಲ್ಲಿ ತಡೆದಳು. "ಬಾಯಲ್ಲಿ ಕಡ್ಡಿಪುಡಿ ವಾಸನೆ ಐತೆ. ಮುಕ್ಕಳಿಸಿ ಬಾ."

"ಈಗ ತಾನೇ ತಪ್ಪು ಅಂದೋಳು, ಆಗ್ಲೇ ಹುಕುಂ ನೋಡು," ಎಂದು ಗೊಣಗುತ್ತ ಬಚ್ಚಮ್ಮ ತೊಟ್ಟಿಯ ಬಳಿ ಹೋಗಿ ಮುಕ್ಕಳಿಸಿ ಬಂದಳು.

ಇಬ್ಬರೂ ಬಾಗಿಲಲ್ಲಿ ನಿಂತರು. ಮೊದಲು ಏನೂ ಕೇಳಿಸಲಿಲ್ಲ. ಬೆಳ್ಳಗಿನ ತಲೆಗಳು ಎಲೆಯ ಅಂಚಿಗೆ ಬಂದವು, ನಿಂತವು. ಆಮೇಲೆ ಒಂದು ತಟ್ಟೆಯಲ್ಲಿ ಸಣ್ಣಗೆ ಚರಚರ ಸದ್ದು ಎದ್ದಿತು. ಪಕ್ಕದ ತಟ್ಟೆಗೆ ದಾಟಿತು, ಅದರ ಮೇಲಿನದಕ್ಕೆ ಹತ್ತಿತು. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಮೊರದಲ್ಲಿ ಮರಳು ಆಡಿಸಿದಂತೆ ಆ ಸದ್ದು ತುಂಬಿಕೊಂಡಿತು.

"ತಿಂತಾವೆ ಕಣೇ," ಎಂದಳು ಬಚ್ಚಮ್ಮ ಮೆಲ್ಲಗೆ. "ಗೂಡು ಚೆನ್ನಾಗಿ ಕಟ್ಟುತ್ತಾವಾ?"

"ಇನ್ನೂ ಆರು ದಿನ ಹಿಂಗೇ ತಿನ್ಬೇಕು." ಸುನಂದ ಆಗಲೇ ಖಾಲಿ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಅಂಗಳಕ್ಕೆ ಇಳಿದಿದ್ದಳು. ಇನ್ನೊಂದು ಹೊರೆ ತೋಟದಲ್ಲೇ ಉಳಿದಿತ್ತು. ಟವೆಲ್ಲು ತಲೆಗೆ ಕಟ್ಟಿಕೊಂಡು, ಹಿಂದೆ ತಿರುಗಿ ನೋಡದೆ ಗಾಡಿಯ ಕಡೆ ನಡೆಯುತ್ತಲೇ ಹೇಳಿದಳು, "ನೀನು ಆ ಹೊತ್ತಿಗೆ ಏರಿ ಮೇಲೆ ಹಸು ಹಿಡ್ಕೊಂಡಿದ್ರೆ ಬಚ್ಚಕ್ಕ, ನಾನು ಬರೋ ಸದ್ದು ಕೇಳಿಸಿದ ತಕ್ಷಣ ಒಂಚೂರು ಕೆಳಗಿಳಿದು ಬಂದು ಹೊರೆಗೆ ಕೈ ಕೊಡು."