ದೊಡ್ಡಕ್ಕ ತಲೆಯಾಡಿಸಿದ ಕೋಣೆ

ಆ ಲಾಡ್ಜಿಗೆ ಇಬ್ಬರು ಮ್ಯಾನೇಜರುಗಳು ಎಂದು ಅಡುಗೆಯವನು ತಮಾಷೆ ಮಾಡುತ್ತಿದ್ದ. ಒಬ್ಬರು ಕೌಂಟರಿನಲ್ಲಿ ಕೂತಿರುತ್ತಾರೆ, ಇನ್ನೊಬ್ಬರು ದೊಡ್ಡಕ್ಕನ ಮುಖದ ನಟ್ಟನಡುವೆ. ದೊಡ್ಡಕ್ಕ ಎಂದರೆ ಕೋಣೆ ಗುಡಿಸಿ, ಒರೆಸಿ, ಚಾದರ ಬದಲಿಸುವ ಹೆಂಗಸು. ಜೊತೆಗೇ ಕೆಲಸ ಮಾಡುತ್ತಿದ್ದ ತಂಗಿ ಕರೆಯುವುದನ್ನು ಕೇಳಿ ಕೇಳಿ ಯಜಮಾನರೂ ಹಾಗೇ ಕರೆಯುತ್ತಿದ್ದರು.

ಕೋಣೆ ಸಿದ್ಧವಾದ ಮೇಲೆ ಆಕೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಒಂದೇ ಸಲ ದೀರ್ಘವಾಗಿ ಉಸಿರೆಳೆದುಕೊಳ್ಳುವಳು. ಹಾಸಿಗೆಯಡಿಯ ತೇವ, ಮೊನ್ನೆ ಯಾರೋ ಕಿಟಕಿಯಲ್ಲಿ ಕದ್ದು ಸೇದಿದ ಸಿಗರೇಟು, ಕಪಾಟಿನ ಹಿಂದೆ ಸತ್ತ ಇಲಿ, ಒಂದೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಆಕೆ ಹೊರಗೆ ಬಂದು ತಲೆಯಾಡಿಸಿದರೆ ಮಾತ್ರ ಬೀಗದ ಕೈ ಕೌಂಟರಿನ ಹಿಂದಿನ ಮೊಳೆಗೆ ಏರುತ್ತಿತ್ತು. ಹಳೇ ಗಿರಾಕಿಗಳು ಬಂದವರೇ, "ದೊಡ್ಡಕ್ಕ ನೋಡಿದ್ದಾರಾ?" ಎಂದು ಕೇಳುವಷ್ಟು ಆ ತಲೆಯಾಟಕ್ಕೆ ಬೆಲೆ ಬಂದಿತ್ತು.

ಆಮೇಲೆ ರೋಗ ಬಂತು, ಲಾಡ್ಜು ಮುಚ್ಚಿತು. ದೊಡ್ಡಕ್ಕನಿಗೂ ಜ್ವರ ಬಂದು ಹೋಯಿತು. ಅಕ್ಕತಂಗಿಯರದು ಒಂದೇ ಕೋಣೆಯ ಮನೆ. ನಡುವೆ ಹಳೇ ಸೀರೆಯೊಂದನ್ನು ಇಳಿಬಿಟ್ಟುಕೊಂಡು ಅದರ ಹಿಂದೆ ಮಲಗಿದ್ದು, ಎದ್ದು ಕೂತಳು. ತಂಗಿಗೆ ಚಿಕ್ಕಂದಿನಿಂದಲೂ ಉಬ್ಬಸ. ತನ್ನಿಂದ ಅವಳಿಗೆ ತಗುಲಲಿಲ್ಲವಲ್ಲ ಎಂದು ದೊಡ್ಡಕ್ಕ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟಳು.

ಆದರೆ ಒಂದು ಬೆಳಿಗ್ಗೆ ಒಲೆಯ ಎದುರಲ್ಲೇ ನಿಂತಿದ್ದಳು, ಹಾಲು ತಳ ಹಿಡಿದು ಕರಕಲಾಯಿತು. ತಂಗಿ ಬೀದಿಯಿಂದ ಓಡಿ ಬಂದಳು.

"ಏನಕ್ಕಾ, ಬೀದಿಗೆಲ್ಲಾ ವಾಸನೆ ಬರ್ತಿದೆ, ನಿಂಗೆ ಗೊತ್ತಾಗ್ಲಿಲ್ವಾ?"

"ಏನೋ ಯೋಚನೆ ಮಾಡ್ತಿದ್ದೆ ಕಣೇ" ಎಂದು ದೊಡ್ಡಕ್ಕ ನಕ್ಕಳು. ತಂಗಿ ಅತ್ತ ಹೋದಮೇಲೆ ಸೋಪು, ಈರುಳ್ಳಿ, ಸೀಮೆಎಣ್ಣೆ ಡಬ್ಬ ಎಲ್ಲವನ್ನೂ ಮೂಗಿಗೆ ಹಿಡಿದು ನೋಡಿದಳು. ಎಲ್ಲವೂ ನೀರಿನ ಹಾಗಿದ್ದವು. ಲಾಡ್ಜಿನಲ್ಲಿ ತನ್ನ ಕೈಗಿಂತ ಮೂಗಿಗೇ ಬೆಲೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಬ್ಬರ ಹೊಟ್ಟೆ ತುಂಬುತ್ತಿದ್ದುದೂ ಅದರಿಂದಲೇ. ಬಾಯಿಗೆ ಬೀಗ ಹಾಕಿಕೊಂಡಳು.

ಲಾಡ್ಜು ಮತ್ತೆ ತೆರೆಯುವ ದಿನ ಬಂತು. ಯಜಮಾನರು ಸ್ಪ್ರೇ ಮಾಡುವ ಯಂತ್ರ ತರಿಸಿದ್ದರು, ಬಾಗಿಲಿಗೆ ಅಂಟಿಸಲು 'ಶುಚಿಯಾಗಿದೆ' ಎಂಬ ಚೀಟಿಗಳನ್ನು ಅಚ್ಚು ಹಾಕಿಸಿದ್ದರು. ಪ್ರತಿ ಬಚ್ಚಲಿಗೂ ಬ್ಲೀಚಿಂಗ್ ಪುಡಿ ಹಾಕಬೇಕೆಂಬುದು ಹೊಸ ನಿಯಮ. "ಈ ಚೀಟಿ ಗೀಟಿ ಎಲ್ಲಾ ಬರೋರಿಗೆ" ಎಂದರು ಯಜಮಾನರು, "ನಂಗೆ ನೀನು ತಲೆ ಆಡಿಸಿದ್ರೆ ಸಾಕು." ಒಳ್ಳೆಯ ಮನುಷ್ಯ, ನಂಬಿಕೆಯಿಂದಲೇ ಹೇಳಿದ್ದು. ದೊಡ್ಡಕ್ಕ ಪೊರಕೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಮುಚ್ಚಿದ್ದ ಕೋಣೆಗಳ ಗೋಡೆಯಲ್ಲಿ ಕಪ್ಪು ಬೂಷ್ಟು, ನಲ್ಲಿಯಲ್ಲಿ ಕೆಂಪು ನೀರು. ಯಾವುದು ಎಷ್ಟು ನಾರುತ್ತಿದೆಯೋ ತಿಳಿಯದೆ ದೊಡ್ಡಕ್ಕ ಎಲ್ಲದಕ್ಕೂ ಎರಡು ಪಟ್ಟು ಪುಡಿ ಸುರಿದಳು. ಬಾಗಿಲು ಹಾಕಿಕೊಂಡು ಉಸಿರೆಳೆಯುವ ನಾಟಕವನ್ನಂತೂ ಬಿಡಲಿಲ್ಲ. ಹೊರಗೆ ಬಂದು, ತಲೆಯಾಡಿಸುವ ಮುಂಚೆ ತಂಗಿಯ ಹಣೆಯನ್ನು ಓರೆಗಣ್ಣಲ್ಲಿ ನೋಡುವಳು. ವಾಸನೆಗೆ ಹಣೆ ಗಂಟಾಗಿಲ್ಲದಿದ್ದರೆ ಸರಿ. ಮೇಲಿನ ಮಹಡಿ ಮರುದಿನಕ್ಕಿತ್ತು; ಮಿಕ್ಕ ಕೋಣೆಗಳು ಹಾಗೇ ಪಾಸಾದವು.

ಅವತ್ತಿಗೆ ಉಳಿದದ್ದು ಮೂಲೆಯ ಕೋಣೆ. ಅದರ ಬಚ್ಚಲಿನಲ್ಲಿ ಹಳದಿ ಕಲೆ ಕಲ್ಲಾಗಿತ್ತು. ತಂಗಿ ಎಂದಿನಂತೆ ಆಸಿಡ್ ಸುರಿದು, ನೆನೆಯಲಿ ಎಂದು ಬಿಟ್ಟು, ಕೆಳಗಿನಿಂದ ನೀರು ತರಲು ಹೋದಳು. ಹೀಗೆ ಬಿಟ್ಟು ಹೋಗುವುದು ಅವರಿಬ್ಬರ ಹಳೇ ಪದ್ಧತಿ, ಹೇಳಿ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಆಸಿಡ್ ಬಿದ್ದಿದೆ ಎಂದು ಅಕ್ಕನಿಗೆ ಮೆಟ್ಟಿಲಿನಿಂದಲೇ ತಿಳಿಯುತ್ತಿತ್ತು.

ದೊಡ್ಡಕ್ಕ ಬಂದಳು. ಬಚ್ಚಲು ಒದ್ದೆಯಾಗಿರುವುದು ಕಂಡಿತು. ತೊಳೆದಿದ್ದಾಳೆ ಅಂದುಕೊಂಡು ಎರಡು ಬೊಗಸೆ ಪುಡಿ ಚೆಲ್ಲಿ ಬಚ್ಚಲ ಬಾಗಿಲು ಎಳೆದುಕೊಂಡಳು. ಕೋಣೆಯ ನಡುವೆ ಕಣ್ಣು ಮುಚ್ಚಿ ನಿಂತಳು. ಕಣ್ಣು ಸ್ವಲ್ಪ ಉರಿಯಿತು, ಗಂಟಲು ಕೆರೆಯಿತು. ಬೆಳಗಿನಿಂದ ಕೂಳಿಲ್ಲದ ಸುಸ್ತು ಎಂದುಕೊಂಡಳು. ಕೆಳಗೆ ಮೊದಲ ಗಿರಾಕಿಯ ಕಾರು ನಿಂತ ಸದ್ದಾಯಿತು. ನೀರಿನ ಬಕೆಟ್ಟು ಹೊತ್ತು ಬಂದಿದ್ದ ತಂಗಿಯ ಮುಖ ನೋಡುವಷ್ಟು ಪುರುಸೊತ್ತಾಗಲಿಲ್ಲ. ಹೊರಗೆ ಬಂದು ತಲೆಯಾಡಿಸಿಯೇಬಿಟ್ಟಳು.

"ಆಯ್ತು. ಟವಲು, ಸೋಪು ಇಟ್ಟು ಬಾ ಬೇಗ."

ತಂಗಿ ಹೊಸ್ತಿಲಲ್ಲಿ ನಿಂತಳು. "ಏನೋ ಘಾಟು ಅಕ್ಕಾ."

"ನಾನು ನೋಡಿದ್ದೀನಿ ಹೋಗೇ."

ನಾನು ನೋಡಿದ್ದೀನಿ ಎಂದ ಮೇಲೆ ಆ ಲಾಡ್ಜಿನಲ್ಲಿ ಎರಡನೇ ಮಾತಿರಲಿಲ್ಲ. ತಂಗಿ ಮೂಗಿನ ಮೇಲಿನ ಮಾಸ್ಕನ್ನು ಬಿಗಿ ಮಾಡಿಕೊಂಡು ಒಳಗೆ ಹೋದಳು. ಬಚ್ಚಲ ಬಾಗಿಲು ತೆರೆದ ಸದ್ದು, ಆಮೇಲೆ ಕೆಮ್ಮು, ಆಮೇಲೆ ಬಕೆಟ್ಟು ಉರುಳಿದ ಸದ್ದು. ದೊಡ್ಡಕ್ಕ ಅವಳ ತೋಳು ಹಿಡಿದು ದರದರ ಎಳೆದು ತರುವಷ್ಟರಲ್ಲಿ ತುಟಿ ನೀಲಿಯಾಗಿತ್ತು.

ಜೀವ ಉಳಿಯಿತು. ಆಸ್ಪತ್ರೆಯ ಡಾಕ್ಟರು ಮಾತ್ರ, "ಆಸಿಡ್ ಮೇಲೆ ಬ್ಲೀಚಿಂಗ್ ಪುಡಿ ಬಿದ್ರೆ ವಿಷದ ಗಾಳಿ ಏಳುತ್ತೆ, ಬಾಗಿಲಲ್ಲೇ ಘಾಟು ಹೊಡೀಬೇಕಿತ್ತಲ್ಲ, ಯಾರಿಗೂ ಗೊತ್ತಾಗ್ಲಿಲ್ವಾ?" ಎಂದು ಆಶ್ಚರ್ಯಪಟ್ಟರು. ಯಜಮಾನರು ದೊಡ್ಡಕ್ಕನ ಪರವಾಗಿಯೇ ನಿಂತರು. "ಇವಳು ನೋಡಿದಾಗ ಸರಿಯಿತ್ತು ಸಾರ್. ಆಮೇಲೆ ಆ ಹುಡುಗಿಯೇ ಏನೋ ಎಡವಟ್ಟು ಮಾಡಿದಾಳೆ."

ಮರುದಿನ ತಂಗಿ ಆಕ್ಸಿಜನ್ ಮುಖವಾಡ ಸರಿಸಿ, ಒಡೆದ ದನಿಯಲ್ಲಿ ಅದನ್ನೇ ಹೇಳಿದಳು. "ಆಸಿಡ್ ತೊಳಿಯೋಕೆ ನಾನೇ ತಡ ಮಾಡ್ದೆ. ನೀನು ನೋಡಿ ತಲೆ ಆಡಿಸಿದ್ಮೇಲೆ ತಪ್ಪು ನಂದೇ ಅಲ್ವಾ ಅಕ್ಕಾ?"

ದೊಡ್ಡಕ್ಕ ಬಾಯಿ ತೆರೆಯಬೇಕೆನ್ನುವಾಗ ಯಜಮಾನರ ಫೋನು ಬಂತು. ಮೇಲಿನ ಮಹಡಿಯ ಕೋಣೆಗಳನ್ನು ಬೇರೆಯವರಿಂದ ತೊಳೆಸಿಯಾಗಿದೆ, ಜನ ಕಾಯುತ್ತಿದ್ದಾರೆ, ಒಂದು ಗಳಿಗೆ ಬಂದು ಹೋಗು ಎಂದರು.

ತಂಗಿಯ ಮುಖ ನೋಡುತ್ತಲೇ ಹೇಳಿದಳು, "ನಂಗೆ ವಾಸನೆ ಗೊತ್ತಾಗಲ್ಲ ಯಜಮಾನ್ರೇ. ಜ್ವರ ಬಂದಾಗಿಂದ ಗೊತ್ತಾಗಲ್ಲ. ಆ ಪುಡಿ ಹಾಕಿದ್ದೂ ನಾನೇ."

ತಂಗಿ ಕಣ್ಣು ಮುಚ್ಚಿಕೊಂಡಳು. ಫೋನಿನಲ್ಲಿ ಯಜಮಾನರು ದನಿ ತಗ್ಗಿಸಿದರು. "ಅದು ನಮ್ಮಲ್ಲೇ ಇರ್ಲಿ. ನೀನು ಬಂದು ಎಲ್ಲರ ಮುಂದೆ ತಲೆ ಆಡಿಸಿ ಹೋಗು, ಸಾಕು."

"ನೀವು ಒಂದೊಂದು ಬಚ್ಚಲಿಗೂ ಹೋಗಿ ಬಾಗಿಲು ಹಾಕ್ಕೊಳ್ಳಿ" ಎಂದಳು ದೊಡ್ಡಕ್ಕ. "ಕೆಮ್ಮದೆ ಹೊರಗೆ ಬಂದ್ರೆ ಆಡಿಸ್ತೀನಿ."

ಫೋನು ಕಟ್ಟಾಯಿತು.

ಸಂಜೆ ಅಡುಗೆಯವನು ಗಂಜಿ ತಂದ. ತಮಾಷೆಯ ಮನುಷ್ಯ ಅವತ್ತು ನಗಲಿಲ್ಲ. ಮೇಲಿನ ಮಹಡಿಯಷ್ಟೂ ಭರ್ತಿಯಾಯಿತು ಎಂದ. ಬೀಗದ ಕೈಗಳೆಲ್ಲ ಮೊಳೆಯಿಂದ ಇಳಿದವಂತೆ. ಗಿರಾಕಿಗಳು ಕೇಳಿದಾಗ ಯಜಮಾನರು, "ಹೂಂ, ದೊಡ್ಡಕ್ಕ ನೋಡಿದ್ದಾಳೆ" ಎಂದು ಹೇಳಿ ಕಳಿಸಿದರಂತೆ.